ಥರ್ಡ್ ಬೇಸ್ ಖಾಲಿ ಇದೆ: ಬಾಸ್ಟನ್ ರೆಡ್ ಸಾಕ್ಸ್ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಫ್ರಾಮಿಂಗ್‌ಹ್ಯಾಮ್, ಮ್ಯಾಸಚೂಸೆಟ್ಸ್
ಜನವರಿ 2026

ಬಾಸ್ಟನ್ನಿನ ಬೇಸ್‌ಬಾಲ್ ತಂಡವಾದ ರೆಡ್ ಸಾಕ್ಸ್‌ನ ಪ್ರಧಾನ ಮಾಲೀಕರಾದ ಶ್ರೀ ಜಾನ್ ಹೆನ್ರಿ ಅವರಿಗೆ ಮತ್ತು ತಂಡ ಕಟ್ಟುವ ಹೊಣೆ ಹೊತ್ತ ಶ್ರೀ ಕ್ರೇಗ್ ಬ್ರೆಸ್ಲೋ ಅವರಿಗೆ,

ನಮಸ್ಕಾರ.

ನೀವು ಕನ್ನಡ ಓದುವುದಿಲ್ಲ ಎಂದು ನನಗೆ ಗೊತ್ತು. ಇಂಗ್ಲಿಷಿನಲ್ಲಿಯೇ ಬರೆಯಬಹುದಿತ್ತು. ಆದರೆ ಹೆನ್ರಿಯವರೇ, ಈ ಊರಿನ ದೊಡ್ಡ ಇಂಗ್ಲಿಷ್ ಪತ್ರಿಕೆಯ ಮಾಲೀಕರೂ ನೀವೇ. ನಿಮ್ಮ ತಂಡದ ಮೇಲಿನ ಸಿಟ್ಟು ನಿಮ್ಮದೇ ಪತ್ರಿಕೆಯಲ್ಲಿ ಅಚ್ಚಾಗಿ ನಿಮ್ಮ ಬಾಗಿಲಿಗೇ ಬಂದು ಬೀಳುತ್ತಿದೆ. ಅದರಿಂದ ಏನೂ ಬದಲಾಗಿಲ್ಲ. ಹಾಗಾಗಿ ಲೆಕ್ಕ ಹಾಕಲು, ಬೈಯಲು, ಚೌಕಾಸಿ ಮಾಡಲು ನನಗೆ ಸಲೀಸಾಗಿ ಬರುವ ಭಾಷೆಯಲ್ಲಿ ಬರೆಯುತ್ತಿದ್ದೇನೆ. ವುಸ್ಟರ್‌ನಿಂದ ಬಾಸ್ಟನ್ನಿಗೆ ಹೋಗುವ ರೈಲಿನಲ್ಲಿ ‘ಬಿ’ ಅಕ್ಷರದ ಟೋಪಿ ಹಾಕಿಕೊಂಡು ಕೂರುವ ನನ್ನಂಥ ಕನ್ನಡಿಗರು ಓದುತ್ತಾರೆ. ಊರಿನಲ್ಲಿ ಕುಳಿತು ಓದುವವರಿಗೆ ಅಲ್ಲಲ್ಲಿ ಆಟವನ್ನು ಬಿಡಿಸಿ ಹೇಳಬೇಕಾಗುತ್ತದೆ. ಅಷ್ಟು ಹೊತ್ತು ನೀವು ತಾಳಿಕೊಳ್ಳಬೇಕು.

ಇನ್ನೊಂದು ಮಾತು. ಈ ಪತ್ರದಲ್ಲಿ ನಿಮಗೆ ಬಹುವಚನ, ಆಟಗಾರರಿಗೆ ಏಕವಚನ. ಇದು ಅಗೌರವವಲ್ಲ. ನಮ್ಮಲ್ಲಿ ಮನೆಯ ಹುಡುಗರನ್ನು ಯಾರೂ ‘ಅವರು’ ಎನ್ನುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಕಳೆದ ಫೆಬ್ರವರಿಯಲ್ಲಿ ನಿಮ್ಮ ಬಳಿ ಥರ್ಡ್ ಬೇಸ್‌ಗೆ, ಎಂದರೆ ಮೂರನೆಯ ಬೇಸ್‌ನ ಬಳಿ ನಿಂತು ಚೆಂಡು ತಡೆಯುವ ಜಾಗಕ್ಕೆ, ಇಬ್ಬರು ಆಟಗಾರರಿದ್ದರು. ಒಬ್ಬ, ನೀವೇ ಹದಿಹರೆಯದಿಂದ ಬೆಳೆಸಿದ ರಫಾಯೆಲ್ ಡೆವರ್ಸ್. ಇನ್ನೊಬ್ಬ, ಮೂರು ವರ್ಷಕ್ಕೆ 12 ಕೋಟಿ ಡಾಲರ್ ಕೊಟ್ಟು ಹೊರಗಿನಿಂದ ಕರೆತಂದ ಅಲೆಕ್ಸ್ ಬ್ರೆಗ್‌ಮನ್. ಜಾಗ ಒಂದು, ಜನ ಇಬ್ಬರು. ಒಂದು ವರ್ಷ ತುಂಬುವುದರೊಳಗೆ ಇಬ್ಬರೂ ಇಲ್ಲ. ಡೆವರ್ಸ್‌ನನ್ನು ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಸಾಗಿಸಿದಿರಿ. ಮೊದಲ ವರ್ಷದ ನಂತರ ಬೇಕಾದರೆ ಹೊರಡಬಹುದು ಎಂಬ ಷರತ್ತು ಬ್ರೆಗ್‌ಮನ್‌ನ ಒಪ್ಪಂದದಲ್ಲಿತ್ತು; ಅವನು ಹೊರಟ. ಈ ತಿಂಗಳು ಐದು ವರ್ಷಕ್ಕೆ 17.5 ಕೋಟಿ ಡಾಲರಿಗೆ ಶಿಕಾಗೊ ಕಬ್ಸ್ ಸೇರಿದ. ಮಾರ್ಸೆಲೊ ಮೇಯರ್ ಇದ್ದಾನಲ್ಲ ಎನ್ನುತ್ತೀರಿ. ಇದ್ದಾನೆ, ಒಳ್ಳೆಯ ಹುಡುಗನೇ. ಆದರೆ ಮಣಿಕಟ್ಟಿನ ಪೆಟ್ಟಿನಿಂದಾಗಿ ಕಳೆದ ವರ್ಷ ಅವನ ಆಟ ನಡುವೆಯೇ ನಿಂತಿತು. ಇಬ್ಬರು ದೊಡ್ಡ ಆಟಗಾರರು ಬಿಟ್ಟುಹೋದ ಜಾಗವನ್ನು ಅವನ ಹೆಗಲಿಗೆ ಹಾಕಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಬ್ರೆಗ್‌ಮನ್ ಹೋದದ್ದು ದುಡ್ಡಿಗಾಗಿ ಎಂದು ಹೇಳಿ ನೀವು ಮುಗಿಸಬಹುದು. ನಾನು ಒಪ್ಪುವುದಿಲ್ಲ. ಪತ್ರಿಕೆಗಳಲ್ಲಿ ಬಂದ ವರದಿಗಳ ಪ್ರಕಾರ ನಿಮ್ಮ ಕೊಡುಗೆ ಶಿಕಾಗೊ ಕೊಟ್ಟದ್ದಕ್ಕಿಂತ ತೀರಾ ದೂರವೇನೂ ಇರಲಿಲ್ಲ. ಒಂದು ಸಾಲಿನ ವ್ಯತ್ಯಾಸವಿತ್ತು. ‘ನನ್ನ ಒಪ್ಪಿಗೆ ಇಲ್ಲದೆ ನನ್ನನ್ನು ಬೇರೆ ತಂಡಕ್ಕೆ ಕಳುಹಿಸುವಂತಿಲ್ಲ’ ಎಂಬ ಸಾಲು. ಶಿಕಾಗೊ ಅದನ್ನು ಬರೆದುಕೊಟ್ಟಿತು. ನೀವು ಬರೆದುಕೊಡಲು ಹಿಂಜರಿದಿರಿ.

ಕ್ರಿಕೆಟ್ ಮಾತ್ರ ನೋಡುವ ಓದುಗರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ಬೇಸ್‌ಬಾಲ್‌ನಲ್ಲಿ ಆಟಗಾರ ಹತ್ತು ವರ್ಷಕ್ಕೆ ಸಹಿ ಹಾಕಿದ ಎಂದರೆ ಹತ್ತು ವರ್ಷ ಈ ಊರಿನಲ್ಲಿ ಇರುತ್ತಾನೆ ಎಂದು ಅರ್ಥವಲ್ಲ. ಆ ಒಪ್ಪಂದವನ್ನು ಆಟಗಾರನ ಸಮೇತ ತಂಡವು ಇನ್ನೊಂದು ತಂಡಕ್ಕೆ ದಾಟಿಸಬಹುದು. ಇದಕ್ಕೆ ಟ್ರೇಡ್ ಎನ್ನುತ್ತಾರೆ. ಹೆಂಡತಿ, ಮಕ್ಕಳು, ಕೊಂಡ ಮನೆ, ಸೇರಿಸಿದ ಶಾಲೆ ಎಲ್ಲವನ್ನೂ ಬಿಟ್ಟು ಕೆಲವೇ ದಿನಗಳಲ್ಲಿ ಮೂರು ಸಾವಿರ ಮೈಲಿ ಆಚೆ ಹಾಜರಾಗಬೇಕು. ಇದರಿಂದ ತಪ್ಪಿಸಿಕೊಳ್ಳಲು ಇರುವ ದಾರಿ ಆ ಒಂದು ಸಾಲು. ಇನ್ನೊಂದು ದಾರಿಯೂ ಇದೆ: ಮೇಜರ್ ಲೀಗ್‌ನಲ್ಲಿ ಹತ್ತು ವರ್ಷ ಪೂರೈಸಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ ಕಳೆದರೆ, ಬೇಡ ಎನ್ನುವ ಹಕ್ಕು ತಾನಾಗಿಯೇ ಬರುತ್ತದೆ. 2017ರ ಜುಲೈನಲ್ಲಿ ಆಡಲು ಬಂದ ಡೆವರ್ಸ್‌ಗೆ ಆ ಹಕ್ಕು ಬರಲು ಇನ್ನು ಎರಡು ಚಿಲ್ಲರೆ ವರ್ಷ ಬಾಕಿ ಇತ್ತು.

ಹಾಲಿನಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಬ್ರೆಗ್‌ಮನ್ ತನ್ನ ಬಾಯಿ ಸುಟ್ಟುಕೊಳ್ಳಲಿಲ್ಲ, ಪಕ್ಕದಲ್ಲಿ ಕುಳಿತವನ ಬಾಯಿ ಸುಟ್ಟದ್ದನ್ನು ನೋಡಿದ. ನನ್ನ ದೂರು ಇಷ್ಟೇ. ನೀವು ಒಬ್ಬ ಆಟಗಾರನನ್ನು ಸಾಗಹಾಕಿದಾಗ ಅವನ ಸಂಬಳ ಉಳಿಯುತ್ತದೆ. ಆದರೆ ಅದನ್ನು ನೋಡುತ್ತಾ ನಿಂತ ಉಳಿದವರು ತಮ್ಮ ಬೆಲೆಯನ್ನು ಏರಿಸಿಕೊಳ್ಳುತ್ತಾರೆ. ಆ ಬಡ್ಡಿಯನ್ನು ನಿಮ್ಮ ಲೆಕ್ಕಪತ್ರದಲ್ಲಿ ಯಾರೂ ಬರೆದ ಹಾಗೆ ಕಾಣುವುದಿಲ್ಲ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. 2025ರ ಜೂನ್ 15, ಭಾನುವಾರ, ಅಪ್ಪಂದಿರ ದಿನ. ಎದುರಾಳಿ ನ್ಯೂಯಾರ್ಕಿನ ಯಾಂಕೀಸ್ ತಂಡ. ಮಗಳು ತನ್ನ ಕೈಖರ್ಚಿನ ದುಡ್ಡಿಗೆ ನನ್ನದನ್ನೂ ಸೇರಿಸಿ ಬಲ ಮೈದಾನದ ಬ್ಲೀಚರ್‌ಗಳಲ್ಲಿ, ಎಂದರೆ ಬಿಸಿಲು ಹೊಡೆಯುವ ಅಗ್ಗದ ಬೆಂಚುಗಳಲ್ಲಿ, ಎರಡು ಸೀಟು ಹಿಡಿದಿದ್ದಳು. ಲ್ಯಾನ್ಸ್‌ಡೌನ್ ನಿಲ್ದಾಣದಲ್ಲಿ ರೈಲು ಇಳಿದರೆ ಫೆನ್‌ವೇ ಪಾರ್ಕ್ ಎದುರಿಗೇ ಇದೆ. 1912ರ ಮೈದಾನ, ಎಡಗಡೆಗೆ 37 ಅಡಿ ಎತ್ತರದ ಹಸಿರು ಗೋಡೆ. ಮಗಳು ಹಾಕಿಕೊಂಡಿದ್ದದ್ದು 11ನೇ ಸಂಖ್ಯೆಯ ಅಂಗಿ, ಡೆವರ್ಸ್‌ನದು. ಬ್ರಾಯನ್ ಬೆಯೊ ಏಳು ಇನಿಂಗ್ಸ್ ಚೆಂಡೆಸೆದು ಯಾಂಕೀಸ್‌ಗೆ ಒಂದೂ ರನ್ ಕೊಡಲಿಲ್ಲ. ಐದನೇ ಇನಿಂಗ್ಸ್‌ನಲ್ಲಿ ಡೆವರ್ಸ್ ಚೆಂಡನ್ನು ಬೇಲಿಯಾಚೆ ಹಾರಿಸಿ ಹೋಮ್ ರನ್ ಹೊಡೆದ. ನಮ್ಮ ಮುಂದಿನ ಸಾಲಿನ ಅಜ್ಜ ತನ್ನ ಕಡಲೆಕಾಯಿ ಪೊಟ್ಟಣವನ್ನು ಮೇಲಕ್ಕೆ ಎಸೆದು, ಬಿದ್ದ ಕಾಯಿಗಳನ್ನು ಆಮೇಲೆ ಒಂದೊಂದಾಗಿ ಹೆಕ್ಕಿಕೊಂಡ. 2-0. ಮೂರೂ ಪಂದ್ಯ ಗೆದ್ದು ಯಾಂಕೀಸ್‌ನವರನ್ನು ಬರಿಗೈಯಲ್ಲಿ ಕಳುಹಿಸಿದ್ದೆವು.

ಮನೆಗೆ ಬಂದು ಅನ್ನಕ್ಕೆ ಇಟ್ಟಿದ್ದೆ. ಮಗಳು ಅಡುಗೆಮನೆಯ ಬಾಗಿಲಲ್ಲಿ ಮೊಬೈಲ್ ಹಿಡಿದು ನಿಂತಳು. ಇನ್ನೂ ಅದೇ ಅಂಗಿ ಮೈಮೇಲಿತ್ತು. “ಅಪ್ಪಾ, ಇದು ಸುಳ್ಳು ಸುದ್ದಿ ಅಲ್ಲವಾ?” ಎಂದಳು. ಸುಳ್ಳಾಗಿರಲಿಲ್ಲ. ತಂಡ ಸಿಯಾಟಲ್‌ಗೆ ವಿಮಾನ ಹತ್ತುವ ಹೊತ್ತಿಗೆ, ಎರಡೂವರೆ ವರ್ಷದ ಹಿಂದೆ ಹತ್ತು ವರ್ಷಕ್ಕೆ 31.35 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿದ್ದ ಹುಡುಗನನ್ನು ನೀವು ದಾಟಿಸಿದ್ದಿರಿ. ನಮ್ಮ ಕಡೆಯ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಗೊತ್ತುಮಾಡುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ, ಎತ್ತಿಗಂತೂ ಮೊದಲೇ ತಿಳಿಯುವುದಿಲ್ಲ. ಆ ಸಂಜೆ ನನಗೆ ನೆನಪಾದದ್ದು ಆ ಟವೆಲ್ಲು.

ಬಂದದ್ದೇನು? ಜೋರ್ಡನ್ ಹಿಕ್ಸ್, ಕೈಲ್ ಹ್ಯಾರಿಸನ್, ಜೇಮ್ಸ್ ಟಿಬ್ಸ್, ಹೋಸೆ ಬೆಯೊ. ಹಿಕ್ಸ್ ನಮ್ಮ ತಂಡಕ್ಕೆ ಚೆಂಡೆಸೆದಷ್ಟು ದಿನ ಒಂಬತ್ತು ಇನಿಂಗ್ಸ್‌ಗೆ ಎಂಟಕ್ಕಿಂತ ಹೆಚ್ಚು ರನ್ ಕೊಟ್ಟ. ಟಿಬ್ಸ್ ಎಂಬ ಹುಡುಗ ಪೆಟ್ಟಿಗೆ ಬಿಚ್ಚುವ ಮೊದಲೇ, ಆರೇ ವಾರಗಳಲ್ಲಿ, ಡಸ್ಟಿನ್ ಮೇ ಎಂಬ ಪಿಚರ್‌ಗಾಗಿ, ಎಂದರೆ ಚೆಂಡೆಸೆಯುವವನಿಗಾಗಿ, ಲಾಸ್ ಏಂಜಲೀಸ್‌ಗೆ ಹೋದ; ಋತು ಮುಗಿದ ಮೇಲೆ ಮೇ ಕೂಡ ಹೊರಟುಹೋದ. ಉಳಿದದ್ದು 25 ಕೋಟಿ ಡಾಲರಿಗೂ ಮಿಕ್ಕಿದ ಸಂಬಳದ ಭಾರ ಇಳಿದ ಸಮಾಧಾನ. ಅದು ನಿಮ್ಮ ಸಮಾಧಾನ. ನಮ್ಮ ಪಾಲಿಗೆ ಅದರಲ್ಲಿ ಕಡಲೆಕಾಯಿಯೂ ಬರಲಿಲ್ಲ.

ಡೆವರ್ಸ್‌ನದು ತಪ್ಪೇ ಇರಲಿಲ್ಲವೇ? ಇತ್ತು. ಬ್ರೆಗ್‌ಮನ್ ಬಂದಾಗ ‘ಥರ್ಡ್ ಬೇಸ್ ನನ್ನ ಜಾಗ’ ಎಂದು ಫೋರ್ಟ್ ಮೈಯರ್ಸ್‌ನ ಶಿಬಿರದಲ್ಲಿ ಸುದ್ದಿಗಾರರ ಎದುರು ಹಟ ಹಿಡಿದ. ಆಮೇಲೆ ಬರೀ ಬ್ಯಾಟ್ ಬೀಸುವ ಡೆಸಿಗ್ನೇಟೆಡ್ ಹಿಟರ್ ಆಗಲು ಒಪ್ಪಿದ. ಮೊದಲ ಐದು ಪಂದ್ಯಗಳಲ್ಲಿ 15 ಸಲ ಸ್ಟ್ರೈಕ್ ಔಟ್ ಆಗಿ, ಎಂದರೆ ಮೂರು ಸ್ಟ್ರೈಕ್ ಬಿದ್ದು ಔಟಾಗಿ, ನಗೆಪಾಟಲಾದ, ಮತ್ತೆ ಚೇತರಿಸಿಕೊಂಡ. ಮೇ 2ರಂದು ಟ್ರಿಸ್ಟನ್ ಕ್ಯಾಸಸ್ ಓಡುವಾಗ ಮೊಣಕಾಲಿನ ಸ್ನಾಯುರಜ್ಜು ಹರಿದುಕೊಂಡು ಬಿದ್ದ. ಫಸ್ಟ್ ಬೇಸ್ ಖಾಲಿಯಾಯಿತು. ಅಲ್ಲಿ ನಿಲ್ಲುತ್ತೀಯಾ ಎಂದು ಕೇಳಿದಾಗ ಡೆವರ್ಸ್ ಇಲ್ಲ ಎಂದ, ಅದನ್ನೂ ಎಲ್ಲರ ಎದುರಿಗೇ ಹೇಳಿದ. ವರ್ಷಕ್ಕೆ ಮೂರು ಕೋಟಿ ಡಾಲರ್ ಎಣಿಸಿಕೊಳ್ಳುವವನು ಹೀಗೆ ಹೇಳಬಾರದು ಎಂದು ನನಗೂ ಅನ್ನಿಸಿತು. ಹೆನ್ರಿಯವರೇ, ಆಗ ನೀವೇ ಕ್ಯಾನ್ಸಸ್ ಸಿಟಿಯವರೆಗೆ ಹಾರಿಹೋಗಿ ಅವನ ಜೊತೆ ಮಾತಾಡಿದಿರಿ. ಅದಕ್ಕೆ ನಾನು ನಿಮ್ಮನ್ನು ಮೆಚ್ಚಿದ್ದೆ. ಆದರೆ ಮಾಲೀಕರು ವಿಮಾನ ಹತ್ತುವ ಮಟ್ಟಿಗೆ ಬೆಳೆಯಲು ಆ ಜಗಳವನ್ನು ಬಿಟ್ಟವರು ಯಾರು? ಬ್ರೆಗ್‌ಮನ್‌ಗೆ ಸಹಿ ಹಾಕಿಸುವ ಮೊದಲು ಡೆವರ್ಸ್‌ನ ಹೆಗಲ ಮೇಲೆ ಕೈಹಾಕಿ, ‘ನೋಡಪ್ಪಾ, ಹೀಗೆ ಯೋಚನೆ ಮಾಡಿದ್ದೇವೆ’ ಎಂದು ಒಂದು ಮಾತು ಹೇಳಿದ್ದರೆ? ಒಪ್ಪಂದದ ಹೊತ್ತಿಗೆ ತನಗೆ ಥರ್ಡ್ ಬೇಸ್ ಎಂದೇ ತಿಳಿಸಿದ್ದರು ಎಂಬುದು ಅವನ ಮಾತು. ಆಗ ತಂಡ ಕಟ್ಟುತ್ತಿದ್ದವರು ಬೇರೆ, ಬ್ರೆಸ್ಲೋ ಅವರೇ. ನಿಮಗೆ ಅದು ಹಿಂದಿನವರು ಕೊಟ್ಟ ಮಾತು. ಆದರೆ ಅಂಗಡಿಯ ಹಲಗೆ ಬದಲಾಗಿರಲಿಲ್ಲವಲ್ಲ.

ಇನ್ನೊಂದು ವಿಷಯ ನನ್ನನ್ನು ಕೊರೆಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊಗೆ ಹೋದ ಡೆವರ್ಸ್ ಜುಲೈ ಮುಗಿಯುವ ಮೊದಲೇ ಫಸ್ಟ್ ಬೇಸ್‌ನಲ್ಲಿ ನಿಂತಿದ್ದ! ಅದೇ ಫಸ್ಟ್ ಬೇಸ್. ಲಾಸ್ ಏಂಜಲೀಸ್‌ನಲ್ಲಿ ಮೂಕಿ ಬೆಟ್ಸ್, ಬಲ ಮೈದಾನದಲ್ಲಿ ಅತ್ಯುತ್ತಮ ಫೀಲ್ಡಿಂಗ್‌ಗೆ ಕೊಡುವ ಚಿನ್ನದ ಕೈಗವಸುಗಳನ್ನು ಗೆದ್ದವನು, ತಂಡಕ್ಕೆ ಬೇಕೆಂದು 2025ರಲ್ಲಿ ಇಡೀ ವರ್ಷ ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಆಡಿದ. ಆಟದಲ್ಲಿ ಅದು ಎಲ್ಲಕ್ಕಿಂತ ಕಠಿಣವಾದ ಜಾಗಗಳಲ್ಲಿ ಒಂದು. ಮೂವತ್ತು ದಾಟಿದ ಮೇಲೆ ಅದನ್ನು ಕಲಿಯುವವರು ಇಲ್ಲವೇ ಇಲ್ಲ ಎನ್ನಬೇಕು. ನಮ್ಮ ಅಂಗಳದಲ್ಲಿ ಬೆಳೆದ ಇಬ್ಬರೂ ಪರರ ಅಂಗಳದಲ್ಲಿ ಬಾಗುತ್ತಾರೆ. ಇದರ ಕಾರಣವನ್ನು ಅವರಲ್ಲಿ ಮಾತ್ರ ಹುಡುಕಿದರೆ ಸಾಲದು.

ಬೆಟ್ಸ್ ಹೆಸರು ಬಂತು. ಈ ಗಾಯವನ್ನು ಮತ್ತೆ ಕೆದಕಬಾರದು ಎಂದುಕೊಂಡಿದ್ದೆ, ಆಗುವುದಿಲ್ಲ.

ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ 2011ರ ಆಯ್ಕೆಯಲ್ಲಿ ಐದನೇ ಸುತ್ತಿನವರೆಗೂ ಯಾರೂ ಮುಟ್ಟದೆ ಬಿಟ್ಟಿದ್ದ ಸಣ್ಣಗಾತ್ರದ ಹುಡುಗ. ನೂರು ಎಸೆತ ಎದುರಿಸಿ ಹಿಂತಿರುಗುವ ಕ್ರಿಕೆಟ್ಟಿನವರಿಗೆ ಇದು ವಿಚಿತ್ರ ಎನ್ನಿಸಬಹುದು. ಇಲ್ಲಿ ಹತ್ತು ಸರದಿಯಲ್ಲಿ ಮೂರು ಸಲ ಚೆಂಡನ್ನು ಸರಿಯಾಗಿ ಹೊಡೆದರೆ ದೊಡ್ಡ ಆಟಗಾರ. ಬೆಟ್ಸ್ 2018ರಲ್ಲಿ .346 ಸರಾಸರಿಯಲ್ಲಿ ಹೊಡೆದ. 32 ಹೋಮ್ ರನ್, 30 ಬೇಸ್ ಕಳವು (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರುವುದು), ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ. ಆ ವರ್ಷ ತಂಡ 108 ಪಂದ್ಯ ಗೆದ್ದು, ಕೊನೆಗೆ ಲಾಸ್ ಏಂಜಲೀಸ್‌ನ ಡಾಡ್ಜರ್ಸ್‌ನವರನ್ನು ಸೋಲಿಸಿ ವರ್ಷದ ಪ್ರಶಸ್ತಿಯಾದ ವರ್ಲ್ಡ್ ಸೀರೀಸ್ ಎತ್ತಿಕೊಂಡಿತು. ಹದಿನಾರು ತಿಂಗಳು ಕಳೆಯುವುದರೊಳಗೆ, 2020ರ ಫೆಬ್ರವರಿಯಲ್ಲಿ, ಅವನನ್ನು ಅದೇ ಡಾಡ್ಜರ್ಸ್‌ಗೆ ಕೊಟ್ಟಿರಿ. ಜೊತೆಗೆ ಡೇವಿಡ್ ಪ್ರೈಸ್‌ನನ್ನೂ, ಪ್ರೈಸ್‌ನ ಸಂಬಳದ ಅರ್ಧವನ್ನೂ ಕೊಟ್ಟಿರಿ. ಕಾರಣ, ಆಟಗಾರರ ಒಟ್ಟು ಸಂಬಳ ಒಂದು ಮಿತಿ ದಾಟಿದರೆ ತಂಡ ಕಟ್ಟಬೇಕಾದ ಹೆಚ್ಚುವರಿ ಸಂಬಳ ತೆರಿಗೆ. ಆ ವರ್ಷದ ಮಿತಿ 20.8 ಕೋಟಿ ಡಾಲರ್. ಎರಡು ವರ್ಷ ಸತತ ಮೀರಿದ್ದಿರಿ, ಮೂರನೆಯ ವರ್ಷವೂ ಮೀರಿದರೆ ದಂಡದ ದರ ಮೀರಿದ ಮೊತ್ತದ ಮೇಲೆ ಶೇಕಡಾ 50ಕ್ಕೆ ಏರುತ್ತಿತ್ತು. ಒಂದು ವರ್ಷ ಕೆಳಗಿಳಿದರೆ ಲೆಕ್ಕ ಮತ್ತೆ ಮೊದಲಿನಿಂದ.

ಡಾಡ್ಜರ್ಸ್ ಏನು ಮಾಡಿದರು? ಬೆಟ್ಸ್ ಅವರಿಗಾಗಿ ಒಂದೇ ಒಂದು ಅಧಿಕೃತ ಪಂದ್ಯವನ್ನು ಆಡುವ ಮೊದಲೇ, ಕೊರೊನಾದಿಂದ ಮೈದಾನಗಳು ಬಾಗಿಲು ಹಾಕಿದ್ದ ಕಾಲದಲ್ಲಿ, 12 ವರ್ಷಕ್ಕೆ 36.5 ಕೋಟಿ ಡಾಲರಿನ ಕಾಗದ ಅವನ ಮುಂದಿಟ್ಟರು. ಅವನ ಜೊತೆ ಆ ತಂಡ 2020, 2024, 2025ರಲ್ಲಿ ಪ್ರಶಸ್ತಿ ಗೆದ್ದಿತು. ನಮಗೆ ಬಂದ ಮೂವರಲ್ಲಿ ಅಲೆಕ್ಸ್ ವರ್ಡುಗೊ ನಾಲ್ಕು ವರ್ಷ ಆಡಿ ಯಾಂಕೀಸ್ ಪಾಲಾದ. ಜೀಟರ್ ಡೌನ್ಸ್ ನಮ್ಮ ಅಂಗಿ ಹಾಕಿಕೊಂಡದ್ದು 14 ಪಂದ್ಯಗಳಲ್ಲಿ. ಕಾನರ್ ವಾಂಗ್ ಇದ್ದಾನೆ, ಪಾಪ, ಕ್ಯಾಚರ್ ಆಗಿ ಮೊಣಕಾಲೂರಿ ಕುಳಿತಿದ್ದಾನೆ. ಪ್ರತಿ ಸಲ ಬೆಟ್ಸ್ ಟ್ರೋಫಿ ಎತ್ತಿದಾಗ ಜನ ಅವನ ಮುಖ ನೋಡುತ್ತಾರೆ. ಅವನು ಮಾಡಿದ ತಪ್ಪೇನು?

ನನಗೆ ಇದು ಹೊಸ ನೋವಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನಾನು ಆರ್‌ಸಿಬಿಯ ಕಡೆಯವನು. 2022ರ ಹರಾಜಿಗೆ ಮುನ್ನ, ನಮಗಾಗಿ ಎಲ್ಲರಿಗಿಂತ ಹೆಚ್ಚು ವಿಕೆಟ್ ತೆಗೆದಿದ್ದ ಚಾಹಲ್‌ನನ್ನು ಉಳಿಸಿಕೊಳ್ಳದೆ ಬಿಟ್ಟಾಗ, ಆ ವರ್ಷವೇ ಅವನು ರಾಜಸ್ಥಾನದ ಬಣ್ಣದಲ್ಲಿ 27 ವಿಕೆಟ್ ತೆಗೆದು ನೇರಳೆ ಟೋಪಿ ಹಾಕಿಕೊಂಡಾಗ, ಫ್ರಾಮಿಂಗ್‌ಹ್ಯಾಮಿನಲ್ಲಿ ಬೆಳಗಿನ ಕಾಫಿ ಕೈಯಲ್ಲೇ ಆರಿತ್ತು. ಆದರೂ ಐಪಿಎಲ್‌ನಲ್ಲಿ ಹರಾಜು ಎಂಬ ನೆಪವಾದರೂ ಇದೆ: ನಿಯಮವೇ ಹಾಗೆ, ಇಂತಿಷ್ಟು ಜನರನ್ನಷ್ಟೇ ಉಳಿಸಿಕೊಳ್ಳಬಹುದು. ನಿಮಗೆ ಅಂಥ ನಿಯಮವಿಲ್ಲ. ಬೇಸ್‌ಬಾಲ್‌ನಲ್ಲಿ ಸಂಬಳಕ್ಕೆ ಗೋಡೆಯಿಲ್ಲ, ತೆರಿಗೆಯ ಒಂದು ಹೊಸ್ತಿಲಿದೆ ಅಷ್ಟೇ. ಲಿವರ್‌ಪೂಲ್‌ನಂಥ ಕ್ಲಬ್ಬು ಹೊಂದಿರುವ ಬಳಗಕ್ಕೆ ಅದು ದಾಟಲಾಗದ ಹೊಸ್ತಿಲಲ್ಲ.

ಎಲ್ಲ ನಿರ್ಧಾರಗಳೂ ಕೆಟ್ಟವು ಎಂದು ನಾನು ವಾದಿಸುತ್ತಿಲ್ಲ. ಜ್ಯಾಂಡರ್ ಬೋಗಾರ್ಟ್ಸ್‌ನನ್ನೇ ತೆಗೆದುಕೊಳ್ಳಿ. ಅರೂಬಾ ದ್ವೀಪದಿಂದ ಹುಡುಗನಾಗಿ ಬಂದವನು, ಎರಡು ಪ್ರಶಸ್ತಿ ಗೆದ್ದವನು. ಸ್ಯಾನ್ ಡಿಯೇಗೊ 2022ರ ಡಿಸೆಂಬರಿನಲ್ಲಿ ಅವನಿಗೆ 11 ವರ್ಷಕ್ಕೆ 28 ಕೋಟಿ ಕೊಟ್ಟಾಗ, ‘ಇಷ್ಟು ಕೊಡಬಾರದು’ ಎಂದು ನೀವು ಹಿಂದೆ ಸರಿದದ್ದು ಸರಿಯಾದ ಲೆಕ್ಕವೇ. ಅಲ್ಲಿ ಅವನ ಆಟ ಆ ಬೆಲೆಗೆ ತಕ್ಕಂತೆ ಇಲ್ಲ. ಆದರೆ ಆ ವರ್ಷದ ಬೇಸಿಗೆಯಲ್ಲಿ ತಂಡ ಕೊನೆಯ ಸ್ಥಾನದಲ್ಲಿ ಕುಳಿತಿತ್ತು. ಅವನು ಹೋಗುವವನೇ ಎಂದಾದರೆ ಆಗಲೇ ಕಳುಹಿಸಿ ಇಬ್ಬರು ಹುಡುಗರನ್ನು ಪಡೆಯಬಹುದಿತ್ತು. ಅದನ್ನೂ ಮಾಡಲಿಲ್ಲ. ಅದರ ಮೇಲೆ ತೆರಿಗೆಯ ಮಿತಿಯನ್ನು ಒಂದಿಷ್ಟು ಮೀರಿಯೂ ಇದ್ದಿರಿ. ಹಾಗಾಗಿ ಅವನ ಬದಲಿಗೆ ಸಿಕ್ಕ ಆಯ್ಕೆಯ ಅವಕಾಶ ಎರಡನೇ ಸುತ್ತಿನ ಬಳಿಕ ಬರಬೇಕಾದದ್ದು ನಾಲ್ಕನೆಯ ಸುತ್ತಿನ ಆಚೆಗೆ ಜಾರಿತು. ಉಳಿಸಿಕೊಳ್ಳಲಿಲ್ಲ, ಮಾರಲಿಲ್ಲ, ತೆರಿಗೆಯನ್ನೂ ಉಳಿಸಲಿಲ್ಲ. ಮುಂದಿನ ತಿಂಗಳು ಗಾಬರಿ ಬಿದ್ದು ಡೆವರ್ಸ್‌ಗೆ 31.35 ಕೋಟಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನೀವು ಹಾಕಿದ ಬಾಗಿಲನ್ನು ಎರಡೂವರೆ ವರ್ಷದಲ್ಲಿ ನೀವೇ ಕಿತ್ತಿರಿ.

ನಿಮಗೆ ಈ ರೋಗ ಹಳೆಯದು. 2014ರಲ್ಲಿ ಜಾನ್ ಲೆಸ್ಟರ್‌ಗೆ ನಾಲ್ಕು ವರ್ಷಕ್ಕೆ 7 ಕೋಟಿಯ ಕೊಡುಗೆ ಇಟ್ಟಿರಿ ಎಂದು ಆಗ ವರದಿಯಾಗಿತ್ತು. ಕ್ಯಾನ್ಸರ್ ಗೆದ್ದು ಬಂದು ನಿಮಗೆ ಎರಡು ವರ್ಲ್ಡ್ ಸೀರೀಸ್ ಗೆದ್ದುಕೊಟ್ಟ ಪಿಚರ್ ಅವನು. ಆ ಜುಲೈನಲ್ಲಿ ಓಕ್ಲೆಂಡ್‌ಗೆ ಕಳುಹಿಸಿದಿರಿ. ಚಳಿಗಾಲದಲ್ಲಿ ಕಬ್ಸ್ ಅವನಿಗೆ ಆರು ವರ್ಷಕ್ಕೆ 15.5 ಕೋಟಿ ಕೊಟ್ಟಿತು. 2016ರಲ್ಲಿ ಶಿಕಾಗೊ 108 ವರ್ಷಗಳ ಬರ ಮುರಿದಾಗ ಅವನು ಅಲ್ಲಿದ್ದ. ಬ್ರೆಸ್ಲೋ ಅವರೇ, 2013ರ ಚಾಂಪಿಯನ್ ತಂಡದಲ್ಲಿ ಲೆಸ್ಟರ್ ಜೊತೆ, ಆಗಷ್ಟೇ ಬಂದಿದ್ದ ಬೋಗಾರ್ಟ್ಸ್ ಜೊತೆ ನೀವೂ ಅದೇ ಡಗ್‌ಔಟ್‌ನಲ್ಲಿ ಕುಳಿತವರು. ಊರಿಂದೂರಿಗೆ ತಂಡ ಬದಲಿಸಿದ ಎಡಗೈ ಪಿಚರ್ ನೀವು. ಪೆಟ್ಟಿಗೆ ಕಟ್ಟುವ ಕಷ್ಟ ಯೇಲ್‌ನಲ್ಲಿ ಓದಿದ ಜೀವರಸಾಯನಶಾಸ್ತ್ರಕ್ಕಿಂತ ಚೆನ್ನಾಗಿ ನಿಮಗೆ ಗೊತ್ತಿರಬೇಕು. ಆದರೆ ನೀವು ಬಂದ ಮೊದಲ ಚಳಿಗಾಲದಲ್ಲಿಯೇ ಕ್ರಿಸ್ ಸೇಲ್‌ನನ್ನು ಅಟ್ಲಾಂಟಾಗೆ ದಾಟಿಸಿದಿರಿ. ಪದೇ ಪದೇ ಗಾಯಗೊಳ್ಳುತ್ತಿದ್ದ, ಮುಗಿದ ಕುದುರೆ ಎಂದು ನಾವೆಲ್ಲ ತಲೆಯಾಡಿಸಿದೆವು. ನಾನೂ ಆಡಿಸಿದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಅವನು ಮರುವರ್ಷ 18 ಪಂದ್ಯ ಗೆದ್ದು, ಮೂರೇ ಸೋತು, ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಹಿಡಿದ. ಬದಲಿಗೆ ಬಂದ ವಾನ್ ಗ್ರಿಸಮ್ ಆ ವರ್ಷ ಆಡಿದ್ದು 31 ಪಂದ್ಯ.

1919ರ ಡಿಸೆಂಬರಿನಲ್ಲಿ ಆಗಿನ ಮಾಲೀಕ ಹ್ಯಾರಿ ಫ್ರೇಜಿ ಬೇಬ್ ರೂತ್ ಎಂಬ ದೊಡ್ಡ ಆಟಗಾರನನ್ನು ಒಂದು ಲಕ್ಷ ಡಾಲರಿಗೆ ಯಾಂಕೀಸ್‌ಗೆ ಮಾರಿ ತಂಡಕ್ಕೆ ಶಾಪ ತಂದ ಕತೆಯನ್ನು ಇಲ್ಲಿ ಎಲ್ಲರೂ ಎತ್ತುತ್ತಾರೆ. ನಾನು ಎತ್ತುವುದಿಲ್ಲ. ಆ ಶಾಪವನ್ನು 2004ರಲ್ಲಿ ಕಳೆದವರು ನೀವೇ, ಹೆನ್ರಿಯವರೇ. 2007, 2013, 2018ರಲ್ಲಿ ಮತ್ತೆ ಗೆದ್ದವರೂ ನೀವೇ. ನಾಲ್ಕು ಪ್ರಶಸ್ತಿ ಕೊಟ್ಟ ಮಾಲೀಕರಿಗೆ ಹೀಗೆ ಬರೆಯುವುದು ಉಂಡ ಮನೆಗೆ ಎರಡು ಬಗೆದಂತೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆದರೆ ಊಟ ಬಡಿಸಿ ಏಳು ವರ್ಷವಾಯಿತು.

ಕಳೆದ ವರ್ಷ ಆದದ್ದನ್ನು ಮರೆಮಾಚುವುದಿಲ್ಲ. ಡೆವರ್ಸ್ ಹೋದ ಮೇಲೆ ತಂಡ ಕುಸಿಯಲಿಲ್ಲ. ಜುಲೈನಲ್ಲಿ ಸತತ ಹತ್ತು ಪಂದ್ಯ ಗೆದ್ದಿತು. 89 ಗೆಲುವಿನೊಂದಿಗೆ 2021ರ ನಂತರ ಮೊದಲ ಬಾರಿ ಅಕ್ಟೋಬರ್ ಆಟಕ್ಕೆ, ಎಂದರೆ ಪ್ರಶಸ್ತಿಗಾಗಿ ನಡೆಯುವ ಕೊನೆಯ ಸುತ್ತುಗಳಿಗೆ, ಹೋಯಿತು. ಪಿಚರ್ ಗ್ಯಾರೆಟ್ ಕ್ರೋಷೆಯನ್ನು ತಂದು ಆರು ವರ್ಷಕ್ಕೆ 17 ಕೋಟಿ ಬರೆದುಕೊಟ್ಟದ್ದು ನಿಮ್ಮ ಕಾಲದ ಅತ್ಯುತ್ತಮ ಕೆಲಸ. ಆಗಸ್ಟಿನಲ್ಲಿ ರೋಮನ್ ಆಂಟನಿ ಎಂಬ 21 ವರ್ಷದ ಹುಡುಗನಿಗೆ, ಆಡಲು ಬಂದ ಎರಡೇ ತಿಂಗಳಿಗೆ, ಎಂಟು ವರ್ಷಕ್ಕೆ 13 ಕೋಟಿ. ಈ ಚಳಿಗಾಲದಲ್ಲಿ ಸೋನಿ ಗ್ರೇ, ವಿಲ್ಸನ್ ಕಾಂಟ್ರೆರಾಸ್, ರೇಂಜರ್ ಸುವಾರೆಸ್ ಬಂದಿದ್ದಾರೆ. ಚೆಂಡೆಸೆಯುವವರ ಸಾಲು ನೋಡಿದರೆ ಯಾಂಕೀಸ್‌ನವರ ನಿದ್ದೆ ಕೆಡಬೇಕು. ಬೇಗ ಸಹಿ ಹಾಕಿಸಿಕೊಳ್ಳುವ ವಿದ್ಯೆಯನ್ನು ನೀವು ಕಲಿತಿರಿ, ಸಂತೋಷ. ಸಹಿ ಹಾಕಿದವನನ್ನು ಇಟ್ಟುಕೊಳ್ಳುವ ವಿದ್ಯೆ ಬೇರೆ. ಡೆವರ್ಸ್ ಕೂಡ ಸಹಿ ಹಾಕಿದವನೇ.

ಆ ಅಕ್ಟೋಬರ್ ಆಟ ಹೇಗೆ ಮುಗಿಯಿತು ಎಂಬುದನ್ನೂ ಹೇಳಬೇಕು. ಯಾಂಕೀಸ್ ಎದುರು ಮೊದಲ ಪಂದ್ಯವನ್ನು ಕ್ರೋಷೆ ಗೆದ್ದುಕೊಟ್ಟ. ಎರಡನೆಯದು ಕೈತಪ್ಪಿತು. ಮೂರನೆಯದರಲ್ಲಿ ಕ್ಯಾಮ್ ಶ್ಲಿಟ್ಲರ್ ಎಂಬ ಹೊಸ ಹುಡುಗ ಎಂಟು ಇನಿಂಗ್ಸ್ ಎಸೆದು, 12 ಜನರನ್ನು ಸ್ಟ್ರೈಕ್ ಔಟ್ ಮಾಡಿ, ಒಂದೂ ರನ್ ಕೊಡದೆ ನಮ್ಮನ್ನು ಮನೆಗೆ ಕಳುಹಿಸಿದ. ಅವನ ಊರು ಯಾವುದು? ವಾಲ್‌ಪೋಲ್, ಮ್ಯಾಸಚೂಸೆಟ್ಸ್. ನನ್ನ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ಓದಿದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯ ಫೆನ್‌ವೇಯಿಂದ ನಡೆದುಹೋಗುವಷ್ಟು ದೂರ. 2022ರ ಆಯ್ಕೆಯಲ್ಲಿ ಏಳನೆಯ ಸುತ್ತಿನವರೆಗೂ ಎಲ್ಲರಿಗೂ ಸಿಗುತ್ತಿದ್ದ. ಬೆಳೆದ ಹುಡುಗರನ್ನು ಕಳುಹಿಸುವುದಿರಲಿ, ಹಿತ್ತಲಲ್ಲಿ ಬೆಳೆಯುತ್ತಿದ್ದವನು ಕಣ್ಣಿಗೇ ಬೀಳಲಿಲ್ಲ. ಇದನ್ನು ದೂರು ಎಂದು ಬರೆಯುತ್ತಿಲ್ಲ. ಮೂವತ್ತು ತಂಡಗಳೂ ಅವನನ್ನು ಆರು ಸುತ್ತು ದಾಟಿಸಿದ್ದವು. ಹೊಟ್ಟೆ ಉರಿಯುತ್ತದೆ, ಅಷ್ಟೇ.

ಈಗ ನನ್ನ ಬೇಡಿಕೆಗಳು. ದೊಡ್ಡವೇನಲ್ಲ.

ಹೊರ ಮೈದಾನದ ಮೂರು ಜಾಗಕ್ಕೆ ನಾಲ್ವರಿದ್ದಾರೆ: ಆಂಟನಿ, ಜ್ಯಾರನ್ ಡುರಾನ್, ವಿಲಿಯರ್ ಅಬ್ರೇಯು, ಸೆಡಾನ್ ರಫೇಲಾ. ಒಬ್ಬನನ್ನು ಕೊಟ್ಟು ಥರ್ಡ್ ಬೇಸ್‌ಗೆ ಬ್ಯಾಟಿನವನನ್ನು ತರುತ್ತೀರಿ ಎಂದು ಎಲ್ಲರೂ ಹೇಳುತ್ತಿದ್ದಾರೆ, ಹೆಚ್ಚಾಗಿ ಡುರಾನ್ ಹೆಸರೇ ಓಡಾಡುತ್ತಿದೆ. ಕೊಡುವುದಾದರೆ ಕೊಡಿ. 2024ರ ಆಲ್ ಸ್ಟಾರ್ ಪಂದ್ಯದ ಶ್ರೇಷ್ಠ ಆಟಗಾರ ಅವನು. ಒಳ್ಳೆಯ ಬೆಲೆ ಬರುತ್ತದೆ. ಎರಡು ಚಳಿಗಾಲದಿಂದ ಅವನ ಹೆಸರನ್ನು ಸಂತೆಯಲ್ಲಿ ಕೂಗಿಸುತ್ತಾ ಇಡುವುದು ಮಾತ್ರ ಬೇಡ. ಇಟ್ಟುಕೊಳ್ಳುತ್ತೇವೆ ಎಂದರೆ ಹಾಗೆ ಹೇಳಿ, ಕಳುಹಿಸುತ್ತೇವೆ ಎಂದರೆ ಅವನ ಕಿವಿಗೆ ಮೊದಲು ಹೇಳಿ. ಅವನ ಮೊಬೈಲಿಗಿಂತ ಮೊದಲು.

ಯಾರನ್ನಾದರೂ ಬೇರೆ ಜಾಗಕ್ಕೆ ಕದಲಿಸುವುದಿದ್ದರೆ, ಅವನ ಜಾಗಕ್ಕೆ ಬರುವವನ ಸಹಿ ಒಣಗುವ ಮೊದಲು ಮಾತಾಡಿ.

ಮತ್ತು ಆಂಟನಿಯ ಒಪ್ಪಂದವನ್ನು ತೆರೆದು ಆ ಒಂದು ಸಾಲನ್ನು ಸೇರಿಸಿ. ಕಾನೂನು ನಿಮ್ಮನ್ನು ಒತ್ತಾಯಿಸುವುದಿಲ್ಲ, ಅವನೂ ಕೇಳಿಲ್ಲವೇನೋ. ನೀವೇ ಮುಂದಾಗಿ ಬರೆದುಕೊಡಿ. ಮುಂದಿನ ಚಳಿಗಾಲದಲ್ಲಿ ಇನ್ನೊಬ್ಬ ಬ್ರೆಗ್‌ಮನ್ ನಿಮ್ಮ ಎದುರಿಗೆ ಕುಳಿತು ಕಾಗದ ತಿರುವಿ ಹಾಕುವಾಗ, ಆ ಸಾಲಿನ ಬೆಲೆ ಎಷ್ಟು ಕೋಟಿ ಎಂದು ನಿಮಗೇ ತಿಳಿಯುತ್ತದೆ.

ಮುಗಿಸುವ ಮೊದಲು ನಮ್ಮ ಮನೆಯ ಕಪಾಟಿನ ಸುದ್ದಿ. ಅದರಲ್ಲಿ 50ನೇ ಸಂಖ್ಯೆಯ ಅಂಗಿ ಇದೆ, ಬೆಟ್ಸ್‌ನದು. ಅದರ ಬೆನ್ನಿಗೆ ಹೆಸರು ಹೊಲಿಸಿದ್ದೇನೆ. 11ನೆಯದು ಇದೆ, ಅದಕ್ಕೂ ಹೆಸರಿದೆ. 2ನೆಯದು ಒಂದಿದೆ, ಬೋಗಾರ್ಟ್ಸ್‌ಗಾಗಿ ಕೊಂಡದ್ದು. ಊರಿನ ಓದುಗರಿಗೆ ತಿಳಿದಿರಲಿಕ್ಕಿಲ್ಲ, ಫೆನ್‌ವೇಯಲ್ಲಿ ನಮ್ಮ ತಂಡ ತೊಡುವ ಬಿಳಿ ಅಂಗಿಯ ಬೆನ್ನಿಗೆ ಹೆಸರೇ ಇರುವುದಿಲ್ಲ, ಸಂಖ್ಯೆ ಮಾತ್ರ. ಆ 2ನೆಯದನ್ನು ಹಾಗೆಯೇ, ಹೆಸರಿಲ್ಲದೆ ಕೊಂಡಿದ್ದೆವು. ಬೋಗಾರ್ಟ್ಸ್ ಹೋದ ಮೇಲೆ ಆ ಸಂಖ್ಯೆ ಜಸ್ಟಿನ್ ಟರ್ನರ್‌ಗೆ ಬಂತು, ಒಂದು ವರ್ಷ. ಆಮೇಲೆ ಬ್ರೆಗ್‌ಮನ್‌ಗೆ ಬಂತು. ಒಂದೇ ಅಂಗಿಯನ್ನು ಮೂವರ ಹೆಸರಿನಲ್ಲಿ ತೊಟ್ಟು ತೊಟ್ಟು ಕಾಲರ್ ಮಾಸಿದೆ. ಇಷ್ಟು ಬಾಳಿದ ಬಟ್ಟೆ ನಮ್ಮ ಮನೆಯಲ್ಲಿ ಇನ್ನೊಂದಿಲ್ಲ.

ಏಪ್ರಿಲ್‌ನಲ್ಲಿ ಮಗಳ ಹುಟ್ಟುಹಬ್ಬ. ಆಂಟನಿಯ ಅಂಗಿ ಬೇಕೆಂದಿದ್ದಾಳೆ. ಬೆನ್ನಿಗೆ ಹೆಸರು ಹಾಕಿಸಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದಳು. “ಬೇಡಪ್ಪಾ, ಸಂಖ್ಯೆ ಸಾಕು” ಎಂದಳು.

ಇತಿ,
ಬಲ ಮೈದಾನದ ಬೆಂಚಿನಿಂದ,
ನಿಮ್ಮ ತಂಡದ ಒಬ್ಬ ಅಭಿಮಾನಿ